ಒಮ್ಮತ ಕಟ್ಟುವುದು ಹೇಗೆ? – ಬಿಸಿಯೂಟ ನಮಗೆ ಕಲಿಸುವ ಪಾಠ



ವಾರದ ಸಭೆಯಲ್ಲಿ ನಾವು ಉಳಿತಾಯ ಕಟ್ಟುತ್ತೇವೆ, ಸಾಲದ ಕಂತು ವಸೂಲಿ ಮಾಡುತ್ತೇವೆ, ಪುಸ್ತಕ ಬರೆಯುತ್ತೇವೆ. ಲೆಕ್ಕ ಮುಗಿದ ಮೇಲೆ ಸ್ವಲ್ಪ ಹೊತ್ತು ಮನೆಯ ಮಾತು, ಊರಿನ ಮಾತು ಬರುತ್ತದೆ. ಈ ತಿಂಗಳ ಪಾಠ ಆ ಹೊತ್ತಿಗೆ ಸೇರಿದ್ದು. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ನಡುನಡುವೆ ನಿಲ್ಲಿಸಿ ಮಾತಾಡಿ. ಒಂದೇ ಸಭೆಯಲ್ಲಿ ಮುಗಿಯದಿದ್ದರೆ ಎರಡು ಸಭೆಗಳಲ್ಲಿ ಓದಬಹುದು.

"ಸಮತೋಲನದ ಅಭಿವೃದ್ಧಿಗೆ, ಕುಟುಂಬದ ಕಲ್ಯಾಣಕ್ಕೆ ರಾಷ್ಟ್ರೀಯ ಒಮ್ಮತ ಬೇಕು" ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಕೇಳಿದಾಗ ಇದು ದೆಹಲಿಯಲ್ಲಿ ಕೂತ ದೊಡ್ಡವರ ಕೆಲಸ, ನಮಗೂ ಅದಕ್ಕೂ ಏನು ಸಂಬಂಧ ಅನ್ನಿಸುತ್ತದೆ. ಆದರೆ ನಮ್ಮ ಮಕ್ಕಳು ಶಾಲೆಯಲ್ಲಿ ದಿನಾ ಮಧ್ಯಾಹ್ನ ಉಣ್ಣುವ ಬಿಸಿಯೂಟವೇ ಒಂದು ರಾಷ್ಟ್ರೀಯ ಒಮ್ಮತ. ಅದು ಒಂದೇ ದಿನ ಮೇಲಿನಿಂದ ಇಳಿದು ಬಂದದ್ದಲ್ಲ. ಹೇಗೆ ಬಂತು, ಇನ್ನೂ ಎಲ್ಲಿ ಅರ್ಧಕ್ಕೆ ನಿಂತಿದೆ ಎಂದು ತಿಳಿದುಕೊಂಡರೆ, ನಮ್ಮ ಊರಿನಲ್ಲಿ ನಾವು ಒಮ್ಮತ ಕಟ್ಟುವುದು ಹೇಗೆಂದು ಗೊತ್ತಾಗುತ್ತದೆ.

1. ಒಮ್ಮತ ಅಂದರೆ ಏನು?

ಒಮ್ಮತ ಅಂದರೆ ಎಲ್ಲರೂ ಒಂದೇ ರೀತಿ ಯೋಚನೆ ಮಾಡುವುದಲ್ಲ. ಹತ್ತು ಜನ ಕೈ ಎತ್ತಿ ಐದು ಜನರನ್ನು ಸುಮ್ಮನಾಗಿಸುವುದೂ ಅಲ್ಲ. ಅದು ಬಹುಮತ. ಬಹುಮತಕ್ಕೆ ಎಣಿಕೆ ಸಾಕು. ಒಮ್ಮತಕ್ಕೆ ಮಾತುಕತೆ ಬೇಕು, ಸಮಯ ಬೇಕು, ತಾಳ್ಮೆ ಬೇಕು.

ಮೌನ ಸಮ್ಮತಿಯ ಲಕ್ಷಣ ಅನ್ನುತ್ತಾರೆ. ನಮ್ಮ ಸಂಘಗಳಲ್ಲಿ ಈ ಮಾತು ನಿಜವೇ? ಮೂಲೆಯಲ್ಲಿ ಕೂತು ಏನೂ ಹೇಳದ ಸದಸ್ಯೆ ಒಪ್ಪಿದ್ದಾಳೋ, ಹೆದರಿದ್ದಾಳೋ, ಇಲ್ಲಾ ಮನೆಗೆ ತಡವಾಯಿತು ಎಂದು ಚಿಂತೆಯಲ್ಲಿದ್ದಾಳೋ ಕೇಳದೆ ಗೊತ್ತಾಗುವುದಿಲ್ಲ. ಆದ್ದರಿಂದ ನಾವು ಹೀಗೆ ಹೇಳಿಕೊಳ್ಳೋಣ: ಒಂದು ತೀರ್ಮಾನದಿಂದ ಯಾರಿಗೆ ಹೆಚ್ಚು ತೊಂದರೆಯೋ ಅವರನ್ನು ಕೇಳಿ, ಒಪ್ಪದವರ ಮಾತಿಗೂ ಜಾಗ ಕೊಟ್ಟು, ಆಮೇಲೆ ಎಲ್ಲರೂ ಸೇರಿ ಕಾಯ್ದುಕೊಂಡು ಹೋಗುವ ತೀರ್ಮಾನವೇ ಒಮ್ಮತ.

2. ಕೇಳದೆ ಮಾಡಿದರೆ ಏನಾಗುತ್ತದೆ?

ಮೊದಲು ಒಪ್ಪಿಗೆ ಕೇಳದೆ ನಡೆದ ಒಂದು ಕೆಲಸವನ್ನು ನೋಡೋಣ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಜನಸಂಖ್ಯೆ ತಗ್ಗಿಸಬೇಕು, ಆಗ ಕುಟುಂಬಗಳು ಸುಖವಾಗಿರುತ್ತವೆ ಎಂಬುದು ಆಗಿನ ಸರ್ಕಾರದ ವಾದ. ಅಧಿಕಾರಿಗಳಿಗೆ, ಶಿಕ್ಷಕರಿಗೆ ಇಷ್ಟು ಜನರನ್ನು ಶಸ್ತ್ರಚಿಕಿತ್ಸೆಗೆ ಕರೆತರಬೇಕೆಂದು ಗುರಿ ಕೊಟ್ಟರು. 1976–77ರ ಒಂದೇ ವರ್ಷದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಅದರಲ್ಲಿ ಹೆಚ್ಚಿನವರು ಗಂಡಸರು. ಎಷ್ಟೋ ಕಡೆ ಬಡವರನ್ನು ಬಲವಂತದಿಂದ ಎಳೆದು ತಂದರು.

ಫಲ ಏನಾಯಿತು? ಜನರ ಸಿಟ್ಟು 1977ರ ಚುನಾವಣೆಯಲ್ಲಿ ಕಂಡಿತು, ಸರ್ಕಾರ ಸೋತಿತು. 'ಕುಟುಂಬ ಯೋಜನೆ' ಎಂಬ ಹೆಸರನ್ನೇ 'ಕುಟುಂಬ ಕಲ್ಯಾಣ' ಎಂದು ಬದಲಾಯಿಸಿದರು. ಆಮೇಲೆ ಗಂಡಸರನ್ನು ಕೇಳಲು ಎಲ್ಲರೂ ಹೆದರಿದರು, ಭಾರ ಪೂರ್ತಿ ಹೆಂಗಸರ ಮೇಲೆ ಬಿತ್ತು. ಮೇಲಿನಿಂದ ಗುರಿ ಕೊಡುವ ಪದ್ಧತಿ ಹೋಗಲು 1996ರವರೆಗೆ ಕಾಯಬೇಕಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ: ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ನೂರಕ್ಕೆ ಒಂದು ಕೂಡ ಇಲ್ಲ, 0.3 ಮಾತ್ರ.

ಶಸ್ತ್ರಚಿಕಿತ್ಸೆಯ ಬಗ್ಗೆ ಧರ್ಮಸಭೆಯ ಬೋಧನೆ ಬೇರೆ, ಅದು ಬೇರೆ ಪಾಠದ ವಿಷಯ. ಇಲ್ಲಿ ನಾವು ಕೇಳುವ ಪ್ರಶ್ನೆ ಇಷ್ಟೇ: ಕುಟುಂಬದ ಒಳ್ಳೆಯದಕ್ಕೆ ಎಂದು ಹೇಳಿ ಆ ಕುಟುಂಬವನ್ನೇ ಕೇಳದಿದ್ದರೆ ಅದು ಒಳ್ಳೆಯದಾಗಿ ಉಳಿಯುತ್ತದೆಯೇ? ಒಂದೂವರೆ ವರ್ಷದ ಬಲವಂತದ ಗಾಯ ಮಾಯಲು ಒಂದು ತಲೆಮಾರು ಸಾಲಲಿಲ್ಲ.

3. ತಟ್ಟೆಯ ಊಟ ದೇಶದ ಕಾನೂನಾದದ್ದು

ಈಗ ಬಿಸಿಯೂಟದ ಕಡೆ ಬರೋಣ. ಇದು ನಿಧಾನವಾಗಿ, ಊರಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ ಬೆಳೆದದ್ದು.

ನಮ್ಮ ನೆರೆಯ ತಮಿಳುನಾಡಿನಲ್ಲಿ ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ, 1956ರಲ್ಲಿ, ಬಡ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಶುರುವಾಯಿತು. ಹಸಿದ ಮಗು ಪಾಠ ಕಲಿಯಲಾರದು ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. 1982ರಲ್ಲಿ ಎಂ.ಜಿ.ಆರ್. ಅದನ್ನು ದೊಡ್ಡದಾಗಿ ವಿಸ್ತರಿಸಿದರು. ಆಗ ಇದು ದುಂದುವೆಚ್ಚ, ಮತಕ್ಕಾಗಿ ಮಾಡುವ ಕೆಲಸ ಎಂದು ಓದಿದವರೇ ಟೀಕೆ ಮಾಡಿದರು. ಆದರೆ ತಾಯಂದಿರು ಮಕ್ಕಳನ್ನು ಶಾಲೆಗೆ ಕಳುಹಿಸಿದರು. ಆಮೇಲೆ ಯಾವ ಪಕ್ಷ ಬಂದರೂ ಊಟ ನಿಲ್ಲಿಸುವ ಧೈರ್ಯ ಮಾಡಲಿಲ್ಲ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಯೋಜನೆ ತಂದಿತು. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಸಿಕ್ಕಿದ್ದು ಬೇಯಿಸಿದ ಊಟವಲ್ಲ, ತಿಂಗಳಿಗೆ 3 ಕಿಲೋ ಧಾನ್ಯ. ಅಕ್ಕಿ ಮನೆಗೆ ಬಂದರೆ ಮನೆಯವರೆಲ್ಲ ಹಂಚಿ ಉಣ್ಣುತ್ತಾರೆ. ತಪ್ಪೇನಲ್ಲ. ಆದರೆ ಮಧ್ಯಾಹ್ನ ತರಗತಿಯಲ್ಲಿ ಕೂತ ಮಗುವಿನ ಹೊಟ್ಟೆ ಖಾಲಿಯೇ ಉಳಿಯಿತು.

2001ರಲ್ಲಿ ರಾಜಸ್ಥಾನ ಮೊದಲಾದ ಕಡೆ ಬರ. ಒಂದು ಕಡೆ ಜನ ಹಸಿದಿದ್ದರು, ಇನ್ನೊಂದು ಕಡೆ ಸರ್ಕಾರದ ಗೋದಾಮುಗಳು ಧಾನ್ಯದಿಂದ ತುಂಬಿದ್ದವು. ಪಿ.ಯು.ಸಿ.ಎಲ್. ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ನವೆಂಬರ್ 28ರಂದು ಕೋರ್ಟು ಆದೇಶ ಕೊಟ್ಟಿತು: ಪ್ರತಿಯೊಂದು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು.

ಆದೇಶ ಬಂದ ಮಾತ್ರಕ್ಕೆ ಎಲ್ಲಾ ಕಡೆ ಒಲೆ ಉರಿಯಲಿಲ್ಲ. 2002ರ ಏಪ್ರಿಲ್ 9ರಂದು ಹಲವು ರಾಜ್ಯಗಳಲ್ಲಿ ಮಕ್ಕಳು ಖಾಲಿ ತಟ್ಟೆ ಹಿಡಿದು ರಸ್ತೆ ಬದಿಯಲ್ಲಿ ನಿಂತರು. ತಾಯಂದಿರು, ಸಂಘಟನೆಗಳು, ಪತ್ರಿಕೆಯವರು ಕೇಳುತ್ತಲೇ ಇದ್ದರು. ಒಂದೊಂದೇ ರಾಜ್ಯ ಬೇಯಿಸಿದ ಊಟಕ್ಕೆ ಬಂತು. 2013ರಲ್ಲಿ ಸಂಸತ್ತು ಆಹಾರ ಭದ್ರತಾ ಕಾಯಿದೆ ಮಾಡಿದಾಗ ಶಾಲೆಯ ಊಟ ಮಕ್ಕಳ ಹಕ್ಕಾಯಿತು. 2021ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದಂತೆ 11.20 ಲಕ್ಷ ಶಾಲೆಗಳ 11.80 ಕೋಟಿ ಮಕ್ಕಳು ಆಗ ಈ ಯೋಜನೆಯಲ್ಲಿ ಬರುತ್ತಿದ್ದರು.

ನೋಡಿ ಸಹೋದರಿಯರೇ, 1956ರಿಂದ 2013ರವರೆಗೆ 57 ವರ್ಷ! ಒಂದು ರಾಜ್ಯ ಮಾಡಿ ತೋರಿಸಿತು, ಕೋರ್ಟು ಒತ್ತಾಯಿಸಿತು, ಜನ ಕೇಳಿದರು, ಸಂಸತ್ತು ಬರೆಯಿತು. ರಾಷ್ಟ್ರೀಯ ಒಮ್ಮತ ಅಂದರೆ ಇದು.

4. ಸಮತೋಲನ ಅಂದರೆ ಎಲ್ಲರಿಗೂ ಒಂದೇ ಅಳತೆಯಲ್ಲ

ನಮ್ಮ ಕರ್ನಾಟಕದಲ್ಲಿ 'ಅಕ್ಷರ ದಾಸೋಹ' ಎಂಬ ಚೆಂದದ ಹೆಸರಿನಲ್ಲಿ ಬಿಸಿಯೂಟ ಬಂತು. 2002ರಲ್ಲಿ ಮೊದಲು ಶುರುವಾದದ್ದು ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ ಈ 7 ಜಿಲ್ಲೆಗಳಲ್ಲಿ. 2003ರಲ್ಲಿ ಉಳಿದ ಜಿಲ್ಲೆಗಳಿಗೆ ಬಂತು. ಅವರಿಗೆ ಮೊದಲು ಯಾಕೆ, ನಮಗೆ ಯಾಕಿಲ್ಲ ಎಂದು ಕೇಳಬಹುದಿತ್ತು.

ಅದೇ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತನ್ನ ವರದಿ ಕೊಟ್ಟಿತು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಹೇಳಿತು. ಈ 39ರಲ್ಲಿ 26 ಉತ್ತರ ಕರ್ನಾಟಕದವು, 13 ದಕ್ಷಿಣದವು. ಅಂದರೆ ಹಿಂದುಳಿದಿರುವುದು ಒಂದೇ ಕಡೆಯ ಕಷ್ಟವಲ್ಲ, ಆದರೆ ಒಂದು ಕಡೆ ಅದು ಹೆಚ್ಚು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ಮಾಡಿ, ಈಗ ಕಲ್ಯಾಣ ಕರ್ನಾಟಕ ಎನ್ನುವ ಭಾಗಕ್ಕೆ 371(ಜೆ) ವಿಧಿ ತಂದಿತು. ಇಡೀ ದೇಶದ ಪ್ರತಿನಿಧಿಗಳು ಒಪ್ಪಿ ಕೊಟ್ಟ ವಿಶೇಷ ಸ್ಥಾನ ಅದು.

ಮನೆಯಲ್ಲಿ ನಾವು ಹೇಗೆ ಬಡಿಸುತ್ತೇವೆ? ಜ್ವರದಿಂದ ಎದ್ದ ಮಗುವಿಗೆ ಒಂದು ಲೋಟ ಹಾಲು ಹೆಚ್ಚು ಕೊಡುತ್ತೇವೆ. ಉಳಿದ ಮಕ್ಕಳಿಗೆ "ಅವನು ಸೊರಗಿದ್ದಾನೆ ಕಣೋ, ನೀನು ಗಟ್ಟಿ ಇದ್ದೀಯಲ್ಲ" ಅನ್ನುತ್ತೇವೆ. ಎಲ್ಲರಿಗೂ ಒಂದೇ ಅಳತೆ ಕೊಟ್ಟರೆ ಹಿಂದೆ ಬಿದ್ದವರು ಹಿಂದೆಯೇ ಉಳಿಯುತ್ತಾರೆ. ಹಿಂದೆ ಇದ್ದವರಿಗೆ ಮೊದಲು ಎಂದು ಮುಂದೆ ಇದ್ದವರೂ ಒಪ್ಪುವುದು, ಅದೇ ಸಮತೋಲನ.

5. ಸೌಟು ಯಾರ ಕೈಯಲ್ಲಿ?

ಪವಿತ್ರ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಎಂಬ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಒಂದು ಊಟದ ಜಗಳ ಬರುತ್ತದೆ. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ ಧರ್ಮದ ಸಹೋದರಿಯರಿದ್ದೀರಿ, ಎಲ್ಲರಿಗೂ ಇದರಲ್ಲಿ ಒಂದು ಪಾಠವಿದೆ ಎಂದು ಹೇಳುತ್ತೇವೆ.

ಜೆರುಸಲೇಮಿನಲ್ಲಿ ಮೊದಲ ಕ್ರೈಸ್ತರು ದಿನಾ ಬಡವರಿಗೆ ಊಟ ಹಂಚುತ್ತಿದ್ದರು. ಅವರಲ್ಲಿ ಗ್ರೀಕ್ ಮಾತಾಡುವವರೂ ಇದ್ದರು, ಊರಿನ ಭಾಷೆಯವರೂ ಇದ್ದರು. "ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಿದ್ದೀರಿ" ಎಂದು ಗ್ರೀಕ್ ಮಾತಿನವರು ಗೊಣಗಿದರು. ಪ್ರೇಷಿತರು ಅವರನ್ನು ಗದರಿಸಲಿಲ್ಲ. ಎಲ್ಲರನ್ನೂ ಸೇರಿಸಿ, ಈ ಕೆಲಸಕ್ಕೆ ಏಳು ಜನರನ್ನು ನೀವೇ ಆರಿಸಿ ಎಂದರು. ಸಭೆ ಆರಿಸಿದ ಏಳು ಜನರ ಹೆಸರೂ ಗ್ರೀಕ್ ಹೆಸರುಗಳೇ. ಅಂದರೆ ಯಾರ ಕಡೆಯವರಿಗೆ ಅನ್ಯಾಯವಾಗಿತ್ತೋ ಅವರ ಕೈಗೇ ಸೌಟು ಕೊಟ್ಟರು!

ನಮ್ಮ ದೇಶದಲ್ಲೂ ಇಂಥದ್ದೇ ಒಂದು ಮಾತು ಬಂತು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಶಾಲೆಯ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಹೇಳಿತು. ಮಕ್ಕಳು ಒಂದೇ ಸಾಲಿನಲ್ಲಿ ಕೂತು, ಒಂದೇ ಒಲೆಯ ಅನ್ನ ಉಂಡರೆ ಜಾತಿಯ ಗೋಡೆ ಸ್ವಲ್ಪವಾದರೂ ಕುಸಿಯುತ್ತದೆ ಎಂಬ ಆಸೆ ಅದರಲ್ಲಿದೆ. ಆದರೆ ದಲಿತ ಸಹೋದರಿ ಅಡುಗೆ ಮಾಡಿದರೆ ಮಕ್ಕಳಿಗೆ ಡಬ್ಬಿ ಕಟ್ಟಿ ಕಳುಹಿಸುವ ಮನೆಗಳು ಇವತ್ತಿಗೂ ಇವೆ. ಇದನ್ನು ನಮ್ಮ ನಮ್ಮೊಳಗೆ ಮುಚ್ಚಿಡುವುದು ಬೇಡ.

ಸಂಘದಲ್ಲಿ ಇಂಥ ಮಾತು ಬಂದರೆ ಹೇಗೆ ಮಾತಾಡಬೇಕು? ಒಂದು ಉದಾಹರಣೆ ಕಟ್ಟಿ ಕೊಡುತ್ತೇವೆ. ಇಬ್ಬರು ನಿಂತು ಓದಿ.

ಸದಸ್ಯೆ: ನಮ್ಮ ಹುಡುಗ ಡಬ್ಬಿ ತಗೊಂಡು ಹೋಗ್ತಾನೆ ಬಿಡಿ. ಶಾಲೆ ಊಟ ಅವನಿಗೆ ಸೇರಲ್ಲ.

ಕಾರ್ಯಕರ್ತೆ: ರುಚಿ ಸೇರಲ್ವಾ ಅಕ್ಕಾ, ಇಲ್ಲಾ ಅಡುಗೆ ಮಾಡೋರು ಸೇರಲ್ವಾ?

ಸದಸ್ಯೆ: ನನಗೇನಿಲ್ಲಮ್ಮಾ. ನಮ್ಮತ್ತೆ ಒಪ್ಪಲ್ಲ. ನಾಳೆ ನೆಂಟರು ಏನಂತಾರೆ?

ಕಾರ್ಯಕರ್ತೆ: ಆಯ್ತು. ಸಂಘದಲ್ಲಿ ನಾವೆಲ್ಲ ಒಂದೇ ಚಾಪೆ ಮೇಲೆ ಕೂತಿದೀವಿ. ಹೋದ ವರ್ಷ ನಿಮ್ಮನೆ ಸಾಲಕ್ಕೆ ಜಾಮೀನು ನಿಂತೋರಲ್ಲಿ ಆ ಅಡುಗೆ ಅಕ್ಕನೂ ಇದ್ರು ಅಲ್ವಾ?

ಸದಸ್ಯೆ: ಹೂಂ, ಇದ್ರು.

ಕಾರ್ಯಕರ್ತೆ: ಅವರ ಸಹಿ ನಮಗೆ ಸೇರುತ್ತೆ, ಅವರ ಅನ್ನ ಸೇರಲ್ಲ ಅಂದ್ರೆ ಹೇಗಕ್ಕಾ? ಅತ್ತೇನ ಒಂದು ದಿನ ಶಾಲೆಗೆ ಕರ್ಕೊಂಡು ಬನ್ನಿ. ಅಡುಗೆಮನೆ ನೋಡ್ಲಿ, ನಮ್ಮ ಜೊತೆ ಕೂತು ಊಟ ಮಾಡ್ಲಿ. ನಾವೂ ಬರ್ತೀವಿ.

ಇಲ್ಲಿ ಕಾರ್ಯಕರ್ತೆ ಬೈಯಲಿಲ್ಲ, ಹಾಗೆಂದು ಬಿಟ್ಟುಕೊಡಲೂ ಇಲ್ಲ. ಇದನ್ನು ಗಮನಿಸಿ. ಎಲ್ಲ ವಿಷಯಕ್ಕೂ ಒಮ್ಮತ ಕೇಳುವ ಹಾಗಿಲ್ಲ. ಅಡುಗೆಯವಳನ್ನು ಜಾತಿಯ ಕಾರಣಕ್ಕೆ ತೆಗೆಯಬೇಕೋ ಬೇಡವೋ ಎಂದು ಮತಕ್ಕೆ ಹಾಕುವುದು ಸರಿಯಲ್ಲ. ಇಡೀ ಊರೇ ಕೈ ಎತ್ತಿದರೂ ಅದು ತಪ್ಪೇ. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಮನುಷ್ಯರ ಗೌರವ ಮಾತುಕತೆಗೆ ಮೊದಲೇ ತೀರ್ಮಾನವಾದ ವಿಷಯ. ಮಾತುಕತೆ ಬೇಕಿರುವುದು ಅದನ್ನು ಮನಸ್ಸಿಗೆ ಇಳಿಸಲು ಮಾತ್ರ.

6. ಮೊಟ್ಟೆಯ ಜಗಳದಲ್ಲಿ ಸಿಕ್ಕ ದಾರಿ

ಇನ್ನು ಕೆಲವು ವಿಷಯಗಳಲ್ಲಿ ಎರಡೂ ಕಡೆಯವರಿಗೆ ಜಾಗ ಮಾಡಿಕೊಡಬಹುದು. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಕೆಲಸ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶುರುವಾಯಿತು. ಮಕ್ಕಳು ಸೊರಗಿದ್ದಾರೆ ಎಂಬುದು ಕಾರಣ. ಕೆಲವು ಧಾರ್ಮಿಕ ಮುಖಂಡರು ವಿರೋಧಿಸಿದರು. ಶಾಲೆಯಲ್ಲಿ ಮಾಂಸಾಹಾರ ಬೇಡ, ತಿನ್ನದ ಮಕ್ಕಳಿಗೆ ಬೇರೆ ಭಾವನೆ ಬರುತ್ತದೆ ಎಂದರು. ಮೊಟ್ಟೆ ಬೇಕು ಎಂದು ಮಕ್ಕಳೇ ಕೇಳಿದರು.

ಕೊನೆಗೆ ಸಿಕ್ಕ ದಾರಿ ಯಾವುದು? ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಥವಾ ಕಡಲೆ ಚಿಕ್ಕಿ. 2022ರಲ್ಲಿ ರಾಜ್ಯದ ಉಳಿದ ಜಿಲ್ಲೆಗಳಿಗೂ ಇದು ಬಂತು. ಯಾರ ಮೇಲೂ ಬಲವಂತವಿಲ್ಲ, ಯಾರ ಪಾಲೂ ತಪ್ಪಲಿಲ್ಲ.

ಮೊಟ್ಟೆಯ ವಿಷಯ ಬೇರೆ, ಅಡುಗೆಯವಳ ವಿಷಯ ಬೇರೆ. ಏನು ತಿನ್ನಬೇಕು ಎಂಬುದು ಅವರವರ ಇಷ್ಟ, ಅಲ್ಲಿ ಆಯ್ಕೆ ಕೊಡಬಹುದು. ಬೇಯಿಸಿದವಳು ನನಗಿಂತ ಕೀಳು ಎಂಬುದು ಇಷ್ಟವಲ್ಲ, ಅನ್ಯಾಯ. ಈ ಎರಡನ್ನೂ ಬೇರೆ ಮಾಡಿ ನೋಡಲು ಕಲಿತರೆ ಊರಿನ ಅರ್ಧ ಜಗಳ ಬಗೆಹರಿಯುತ್ತದೆ.

7. ಒಪ್ಪಿಕೊಂಡ ಮೇಲೆ ಕಾಯಬೇಕು

ಕಾನೂನು ಬಂತು, ಊಟ ಬಂತು, ಇನ್ನೇನು ಎಂದು ಕೂರುವ ಹಾಗಿಲ್ಲ. 2013ರ ಜುಲೈನಲ್ಲಿ ಬಿಹಾರದ ಒಂದು ಹಳ್ಳಿ ಶಾಲೆಯಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಆಹಾರ ಭದ್ರತೆ ಕಾನೂನಾದ ವರ್ಷವೇ ಈ ದುಃಖ ನಡೆಯಿತು. ಎಣ್ಣೆ ಎಲ್ಲಿಟ್ಟಿದ್ದಾರೆ, ಬೇಳೆಯಲ್ಲಿ ಹುಳ ಇದೆಯೇ, ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಿದರೇ, ನೀರಿನ ಟ್ಯಾಂಕು ಯಾವಾಗ ತೊಳೆದರು? ಇವನ್ನು ದೆಹಲಿಯಿಂದ ಬಂದು ಯಾರೂ ನೋಡಲಾರರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ತಾಯಂದಿರಿಗೆ ಜಾಗವಿದೆ. ನಮ್ಮ ಸಂಘದವರು ಅಲ್ಲಿ ಹೆಸರಿಗೆ ಮಾತ್ರ ಇದ್ದಾರೋ, ಹೋಗಿ ಕೇಳುತ್ತಾರೋ?

ಇನ್ನೊಂದು ಮಾತನ್ನೂ ಹೇಳಲೇಬೇಕು. ಅಡುಗೆ ಸಹೋದರಿಯರಿಗೆ ಕೇಂದ್ರದ ಯೋಜನೆಯಲ್ಲಿ 2009ರಲ್ಲಿ ನಿಗದಿಯಾದದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯಗಳು ಅದರ ಮೇಲೆ ತಮ್ಮ ಪಾಲು ಸೇರಿಸುತ್ತವೆ. ಅದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ನೂರಾರು ಮಕ್ಕಳಿಗೆ ಅಡುಗೆ ಮಾಡಿ, ಹೊಗೆ ಕುಡಿದು, ಪಾತ್ರೆ ತೊಳೆದು ಬರುವವಳ ಮನೆಯಲ್ಲೂ ಮಕ್ಕಳಿದ್ದಾರೆ. ಮಕ್ಕಳಿಗೆ ಊಟ ಬೇಕು ಎಂಬುದಕ್ಕೆ ದೇಶ ಒಪ್ಪಿದೆ. ಬೇಯಿಸುವವಳಿಗೆ ತಕ್ಕ ಕೂಲಿ ಬೇಕು ಎಂಬ ಒಮ್ಮತ ಇನ್ನೂ ಆಗಬೇಕು. ಒಂದು ಕುಟುಂಬದ ಕಲ್ಯಾಣ ಇನ್ನೊಬ್ಬ ಹೆಂಗಸಿನ ಬಿಟ್ಟಿ ದುಡಿಮೆಯ ಮೇಲೆ ನಿಲ್ಲಬಾರದು.

8. ಮನೆ ಗೆದ್ದು ಮಾರು ಗೆಲ್ಲು

ನಮ್ಮ ಹಿರಿಯರ ಗಾದೆ ಇದು. ಈಗ ನಮ್ಮ ಮನೆಯೊಳಗೆ ನೋಡೋಣ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವರು ಯಾರು? ಸಾರಿನಲ್ಲಿ ತರಕಾರಿ ಮುಗಿದು ತಿಳಿ ಮಾತ್ರ ಉಳಿದಿದ್ದರೆ ಅದು ಯಾರ ತಟ್ಟೆಗೆ ಬೀಳುತ್ತದೆ? 2019–21ರ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಮಂದಿಗೆ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ದೇಶದಲ್ಲಿ ನೂರಕ್ಕೆ 25. ತಿಂಗಳ ಮುಟ್ಟು, ಬಸಿರು, ಬಾಣಂತನ ಇದಕ್ಕೆ ಕಾರಣ ನಿಜ. ಕೊನೆಗೆ ಉಣ್ಣುವ ಪದ್ಧತಿಯೂ ಅದನ್ನು ಹೆಚ್ಚಿಸುತ್ತದೆ.

ಈ ಪದ್ಧತಿಗೆ ಯಾರೂ ಕಾನೂನು ಮಾಡಿಲ್ಲ. ನಾವೇ ಸುಮ್ಮನಿದ್ದು ಒಪ್ಪಿಕೊಂಡು ಬಂದಿದ್ದೇವೆ. ಬದಲಾಯಿಸಲು ಜಗಳವೇ ಆಗಬೇಕಿಲ್ಲ. "ಇವತ್ತಿಂದ ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರೋಣ ಕಣ್ರೀ, ನಾನೂ ಕೂರ್ತೀನಿ, ಬೇಕಾದ್ದು ಅವರವರೇ ಬಡಿಸಿಕೊಳ್ಳಲಿ" ಎಂದು ಗಂಡನಿಗೆ ಹೇಳಿ ನೋಡಿ. ಅತ್ತೆ ಏನಂದಾರೋ ಅನ್ನಿಸಿದರೆ ಮೊದಲು ಅತ್ತೆಯನ್ನೇ ಕರೆದು ಕೂರಿಸಿ. ಅವರೂ ಜೀವಮಾನವೆಲ್ಲ ಕೊನೆಗೆ ಉಂಡವರೇ. ಮಗ ತಟ್ಟೆ ತೊಳೆಯಲಿ, ಮಗಳು ಓದಲಿ. ಒಂದು ತಿಂಗಳು ಮಾಡಿದರೆ ಅದೇ ರೂಢಿಯಾಗುತ್ತದೆ. ಮನೆಯಲ್ಲಿ ಕಲಿತ ಸಮತೋಲನವನ್ನೇ ನಮ್ಮ ಮಕ್ಕಳು ನಾಳೆ ಊರಿಗೂ ದೇಶಕ್ಕೂ ತೆಗೆದುಕೊಂಡು ಹೋಗುತ್ತಾರೆ.

9. ಸಂಘದಲ್ಲಿ ಒಮ್ಮತ ಕಟ್ಟುವ ಆರು ಹೆಜ್ಜೆ

ಮೊದಲ ಹೆಜ್ಜೆ: ವಿಷಯ ಒಂದೇ ಇರಲಿ. ನೀರು, ರಸ್ತೆ, ಸಾರಾಯಿ, ಪಿಂಚಣಿ ಎಲ್ಲವನ್ನೂ ಒಂದೇ ಸಭೆಯಲ್ಲಿ ಹಿಡಿದರೆ ಯಾವುದೂ ಆಗುವುದಿಲ್ಲ.

ಎರಡನೇ ಹೆಜ್ಜೆ: ಮಾತಾಡದವರಿಂದ ಶುರು ಮಾಡಿ. ಸುತ್ತು ಹಾಕಿ ಒಬ್ಬೊಬ್ಬರೂ ಒಂದು ಮಾತು ಹೇಳಲಿ. ಹೇಳಲು ಹೆದರುವ ವಿಷಯವಾದರೆ ಹುಣಸೆಬೀಜ, ಕಲ್ಲು ಕೊಡಿ. ಒಪ್ಪಿಗೆಗೆ ಬೀಜ, ಒಪ್ಪದಿದ್ದರೆ ಕಲ್ಲು. ಮುಚ್ಚಿದ ಮಡಕೆಗೆ ಹಾಕಲಿ. ಯಾರದು ಏನೆಂದು ಯಾರಿಗೂ ಗೊತ್ತಾಗುವುದಿಲ್ಲ, ಎಷ್ಟು ಜನರ ಮನಸ್ಸಿನಲ್ಲಿ ಅನುಮಾನವಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಲೆಕ್ಕ ತನ್ನಿ. ಊರಿನ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಜನ ಊಟ ಮಾಡುತ್ತಾರೆ, ಈ ತಿಂಗಳು ಎಷ್ಟು ದಿನ ಊಟ ನಿಂತಿತ್ತು? ಅಂತೆಕಂತೆ ಮಾತು ಬೇಡ. ಬರೆದ ಲೆಕ್ಕದ ಮುಂದೆ ಜಗಳ ತಣ್ಣಗಾಗುತ್ತದೆ.

ನಾಲ್ಕನೇ ಹೆಜ್ಜೆ: ಒಪ್ಪದವರ ಭಯವನ್ನು ಕೇಳಿ. "ಬೇಡ" ಎಂಬ ಮಾತಿನ ಹಿಂದೆ ಖರ್ಚಿನ ಭಯ ಇರಬಹುದು, ಗಂಡನ ಭಯ ಇರಬಹುದು, ಊರಿನವರ ಬಾಯಿಯ ಭಯ ಇರಬಹುದು. ಭಯಕ್ಕೆ ದಾರಿ ಸಿಕ್ಕಿದರೆ ಬೇಡ ಎಂದವರೇ ಜೊತೆಗೆ ಬರುತ್ತಾರೆ.

ಐದನೇ ಹೆಜ್ಜೆ: ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಏನು ತೀರ್ಮಾನ, ಯಾರು ಮಾಡಬೇಕು, ಯಾವ ತಾರೀಖಿನೊಳಗೆ. ಒಪ್ಪದವರ ಮಾತನ್ನೂ ಅವರ ಹೆಸರಿನೊಂದಿಗೆ ಬರೆಯಿರಿ, ಓದಿ ಹೇಳಿ, ಆಮೇಲೆ ಸಹಿ.

ಆರನೇ ಹೆಜ್ಜೆ: ಗ್ರಾಮ ಸಭೆಗೆ ಒಟ್ಟಿಗೆ ಹೋಗಿ. ಒಬ್ಬರೇ ಹೋದರೆ "ಕೂತ್ಕೊಳ್ಳಮ್ಮಾ" ಅನ್ನುತ್ತಾರೆ. ಮೂರು ನಾಲ್ಕು ಸಂಘದವರು ಸೇರಿ ಅರ್ಜಿ ಬರೆದುಕೊಂಡು ಹೋದರೆ ಪಿಡಿಒ ಅವರು ಕೇಳಲೇಬೇಕು. ಅರ್ಜಿಯ ಒಂದು ಪ್ರತಿಯಲ್ಲಿ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ಅಲ್ಲಿ ಆಗದ್ದನ್ನು ಒಕ್ಕೂಟದ ಮೂಲಕ ತಾಲ್ಲೂಕಿಗೆ, ಶಾಸಕರಿಗೆ, ಸಂಸದರಿಗೆ ತಲುಪಿಸಿ.

ಇದರಿಂದ ದೇಶ ಬದಲಾಗುತ್ತದೆಯೇ ಅನ್ನುವಿರಾ? ಸ್ಥಳೀಯ ಸಂಸ್ಥೆಗಳಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಎಂದು ನಮ್ಮ ಕರ್ನಾಟಕ 1983ರ ಕಾನೂನಿನಲ್ಲಿ ಬರೆಯಿತು, 1987ರಲ್ಲಿ ಚುನಾವಣೆ ನಡೆಸಿತು. ಹೆಂಗಸರು ಗೆದ್ದು ಬಂದು ಕೆಲಸ ಮಾಡಿ ತೋರಿಸಿದರು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದಾಗ ದೇಶದ ಪಂಚಾಯತಿಗಳಲ್ಲಿ ಮೂರನೇ ಒಂದು ಪಾಲು ಹೆಂಗಸರದಾಯಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಒಂದು ಕಡೆ ಮಾಡಿ ತೋರಿಸಿದ್ದು ಇಡೀ ದೇಶಕ್ಕೆ ದಾರಿಯಾಗುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಕಳೆದ ಆರು ತಿಂಗಳಲ್ಲಿ ಒಂದು ಮಾತನ್ನೂ ಆಡದ ಸದಸ್ಯೆ ಇದ್ದಾರೆಯೇ? ಕಾರಣ ಕೇಳಿದ್ದೇವೆಯೇ?

2. ನಮ್ಮ ಶಾಲೆಯ ಅಡುಗೆಯವರು ಯಾರು? ಅವರಿಗೆ ಎಷ್ಟು ಸಿಗುತ್ತದೆ, ಸಮಯಕ್ಕೆ ಸಿಗುತ್ತದೆಯೇ?

3. ಜಾತಿಯ ಕಾರಣಕ್ಕೆ ಶಾಲೆಯಲ್ಲಿ ಊಟ ಮಾಡದ ಮಕ್ಕಳು ಇದ್ದಾರೆಯೇ? ಆ ಮನೆಯವರೊಂದಿಗೆ ಯಾರು ಮಾತಾಡಬಹುದು?

4. ನಮ್ಮ ಊರಿನಲ್ಲಿ ಎಲ್ಲರಿಗಿಂತ ಹಿಂದೆ ಇರುವ ಕೇರಿ ಯಾವುದು? ಮುಂದಿನ ಸೌಲಭ್ಯ ಅವರಿಗೆ ಮೊದಲು ಎಂದು ನಾವು ಒಪ್ಪುತ್ತೇವೆಯೇ?

ಈ ತಿಂಗಳ ಕೆಲಸ

ಪ್ರತಿ ಸಂಘದಿಂದ ಇಬ್ಬರು ಸದಸ್ಯೆಯರು ಒಂದು ದಿನ ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರನ್ನು ಕೇಳಿ, ಅಡುಗೆಮನೆ ನೋಡಿ, ಮಕ್ಕಳ ಸಾಲಿನಲ್ಲಿ ಕೂತು ಊಟ ಮಾಡಿ ಬರಲಿ. ಬಡಿಸಿದ ಸಹೋದರಿಗೆ ಎರಡು ಒಳ್ಳೆಯ ಮಾತು ಹೇಳಿ. ಕಂಡದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಮುಂದಿನ ಒಕ್ಕೂಟದ ಸಭೆಗೆ ತನ್ನಿ. ಮನೆಯಲ್ಲಿ ಎಲ್ಲರೂ ವಾರಕ್ಕೆ ಮೂರು ದಿನವಾದರೂ ಒಟ್ಟಿಗೆ ಕೂತು ಉಣ್ಣಿ.

ಸಹೋದರಿಯರೇ, ವಾರಕ್ಕೆ ಹತ್ತು ರೂಪಾಯಿಯಂತೆ ಕಟ್ಟಿದ ಉಳಿತಾಯ ಹೇಗೆ ಬೆಳೆಯಿತು ಎಂದು ನಿಮಗೆ ಚೆನ್ನಾಗಿ ಗೊತ್ತು. ಒಮ್ಮತವೂ ಹಾಗೆಯೇ, ಸ್ವಲ್ಪ ಸ್ವಲ್ಪ ಕೂಡಿಟ್ಟದ್ದು. ಇವತ್ತು ನಮ್ಮ ಚಾಪೆಯ ಮೇಲೆ, ನಾಳೆ ಗ್ರಾಮ ಸಭೆಯಲ್ಲಿ, ಮುಂದೊಂದು ದಿನ ದೇಶದಲ್ಲಿ. ಹಸಿದವರಿಗೆ ಉಣಬಡಿಸುವವರ ಜೊತೆ ದೇವರಿದ್ದಾನೆ. ಆತನ ಆಶೀರ್ವಾದ ನಿಮ್ಮ ಮೇಲೂ ನಿಮ್ಮ ಮನೆಗಳ ಮೇಲೂ ಸದಾ ಇರಲಿ.